ಬಲ ಅಂಚು ಎಡದ ಮೇಲೆ

ಯುನೊಸಾವಾ ಬಿಸಿನೀರ ಬುಗ್ಗೆ
ಮೆಯ್ಜಿ 40 (1907), ಮಾರ್ಚ್ 18

ಅಪ್ಪಾ,

ಕಾಗದವನ್ನು ಹವೆಯಿಂದ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನನ್ನ ಹತ್ತು ವರ್ಷದ ಓದಿನಲ್ಲಿ ಉಳಿದದ್ದು ಅದೊಂದೇ. ಹಾಗಾಗಿ ಕೇಳಿ: ಇಲ್ಲಿ ಇನ್ನೂ ಹಿಮ ಇದೆ. ಹವೆ ಮುಗಿಯಿತು.

ಬಂದು ತಲುಪಿದ್ದೇನೆ. ಮೂರನೇ ದಿನಕ್ಕೆ ಬಾಲ ಮುದುರಿಕೊಂಡು ವಾಪಸು ಬರುತ್ತೇನೆಂದು ನೀವು ಅಮ್ಮನ ಹತ್ತಿರ ಹೇಳಿದಿರಂತೆ. ಇವತ್ತಿಗೆ ಆರನೇ ದಿನ, ಬಾಲ ನೆಟ್ಟಗೇ ಇದೆ.

ಹೊರಡುವ ದಿನ ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಲವತ್ತು ವರ್ಷ ನೀವು ಬೇರೆಯವರ ಗೆರೆಯನ್ನು ಮರದಲ್ಲಿ ಕೆತ್ತಿದ್ದೀರಿ, ಮೂಲೆಯಲ್ಲಿ ಬೇರೆಯವರ ಹೆಸರನ್ನೂ ಕೆತ್ತಿದ್ದೀರಿ. ನಿಮ್ಮ ಹೆಸರು ಯಾವ ಹಾಳೆಯಲ್ಲಿದೆ? ಕೆತ್ತುವವನ ಹೆಸರನ್ನು ಯಾರು ಕೇಳುತ್ತಾರೆ? ನನಗೆ ಅದು ಬೇಡ. ನಾನು ಚಿತ್ರ ಬರೆಯಲು ಬಂದಿರುವ ಈ ಕಾದಂಬರಿ ಹೊರಬರಲಿ, ತೆರೆದೊಡನೆ ಸಿಗುವ ಬಣ್ಣದ ಚಿತ್ರದ ಕೆಳಗೆ 'ನೆಗಿಶಿ ಟೊಕುಜಿ' ಎಂದಿರುತ್ತದೆ. ಮೂರು ಸಾವಿರ ಪ್ರತಿ. ಆಮೇಲೆ ನೋಡೋಣ ಟೋಕಿಯೊದಲ್ಲಿ ನನ್ನನ್ನು ಯಾರು 'ಕೆತ್ತನೆ ಇಹೇಯ್ ಅವರ ಮಗ' ಎಂದು ಕರೆಯುತ್ತಾರೆಂದು.

ಅದನ್ನು ಕೆತ್ತುವ ಕೆಲಸವನ್ನು ಪ್ರಕಾಶಕರು ನಿಮಗೇ ಕೊಟ್ಟದ್ದು ನನ್ನ ತಪ್ಪಲ್ಲ. ಅವರ ವ್ಯವಸ್ಥಾಪಕ ಕುವಾಬಾರಾ, "ಅಪ್ಪ ಮಗ ಸೇರಿ ಮಾಡಿ, ಚೆನ್ನಾಗಿರುತ್ತೆ" ಎಂದು ಹಲ್ಲು ಬಿಟ್ಟಾಗ ನನಗೂ ಸಿಟ್ಟು ಬಂದಿತ್ತು.

ಕಾದಂಬರಿಯ ಅರ್ಧ ಭಾಗ ಓದಿದೆ. ಒಬ್ಬ ಚಿತ್ರಕಾರ ಪಟ್ಟಣದ ಗದ್ದಲ ಬೇಡವೆಂದು ಬೆಟ್ಟದ ತಂಗುಮನೆಗೆ ಬರುತ್ತಾನೆ. ಅಲ್ಲೊಬ್ಬ ಹೆಂಗಸಿದ್ದಾಳೆ. ಅವಳನ್ನು ಪ್ರೀತಿಸುವುದೂ ಇಲ್ಲ, ಅವಳಿಗಾಗಿ ಮರುಗುವುದೂ ಇಲ್ಲ, ಗೋಡೆಗೆ ತೂಗುಹಾಕಿದ ಚಿತ್ರವನ್ನು ನೋಡಿದ ಹಾಗೆ ನೋಡುತ್ತಾನೆ. ಕಲೆ ಎಂದರೆ ಅಂಟಿಕೊಳ್ಳದೆ ನೋಡುವುದು ಎಂದು ಪುಟಗಟ್ಟಲೆ ಹೇಳುತ್ತಾನೆ. ನನಗೆ ಹಿಡಿಸಿತು. ನನ್ನದೂ ಅದೇ ಮತ.

ಇಲ್ಲೂ ಒಬ್ಬ ಹೆಂಗಸಿದ್ದಾಳೆ, ಒಟಾಕಿ ಎಂದು. ಮೂವತ್ತು ದಾಟಿರಬಹುದು. ಗಂಡ ಸತ್ತ ಮೇಲೆ ತಂಗುಮನೆ ನಡೆಸುವವಳು ಅವಳೇ. ಕಿವಿ ಕೇಳದ ಮಾವ ಒಲೆಗೆ ಸೌದೆ ತಳ್ಳುತ್ತಾ ಕೂತಿರುತ್ತಾನೆ. ಒಟಾಕಿಯ ಮುಖ ಚೆನ್ನಾಗಿದೆ. ಬಾಯಿ ಮಾತ್ರ ಹರಿತ.

ಹತ್ತಿಯ ಅಂಗಿ ಒಗೆದಿದ್ದೇನೆಂದು ಅಮ್ಮನಿಗೆ ಹೇಳಿ.

ಟೊಕುಜಿ

---

ಕಾಂಡಾ, ಟೋಕಿಯೊ
ಮಾರ್ಚ್ 27

ಟೊಕುಜಿಗೆ,

ಕಾಗದ ಬಂತು. ನಿನ್ನಮ್ಮ ಎರಡು ಸಲ ಓದಿಸಿಕೊಂಡಳು. ಅಂಗಿ ಒಗೆದದ್ದನ್ನು ನಂಬಲಿಲ್ಲ.

ಹೆಸರಿನ ವಿಷಯಕ್ಕೆ ನಾನು ಉತ್ತರ ಕೊಡುವುದಿಲ್ಲ. ಒಂದು ಕೆಲಸದ ಮಾತು ಹೇಳುತ್ತೇನೆ. ನೀನು ಗೆರೆ ಎಳೆಯುತ್ತೀಯ. ನಾನು ಗೆರೆ ಎಳೆಯುವುದಿಲ್ಲ, ಗೆರೆಯ ಎರಡೂ ಪಕ್ಕದ ಮರ ತೆಗೆಯುತ್ತೇನೆ, ಉಳಿದದ್ದು ಗೆರೆ. ಅದಕ್ಕೇ ನಿನ್ನ ಗೆರೆಯಲ್ಲಿ ಎಲ್ಲಿ ಕೈ ತಡವರಿಸಿದೆ ಎಂದು ನಿನಗಿಂತ ಮೊದಲು ನನಗೆ ತಿಳಿಯುತ್ತದೆ.

ತೆಳು ಕಾಗದದ ಮೇಲೆ ಬರೆ. ದಪ್ಪ ಕಾಗದ ಕಳಿಸಿದರೆ ವಾಪಸು ಕಳಿಸುತ್ತೇನೆ. ಚೆರ್ರಿ ಮರದ ಹಲಗೆ ಒಂದು ತೆಗೆದಿಟ್ಟಿದ್ದೇನೆ, ಹನ್ನೊಂದು ವರ್ಷ ಒಣಗಿಸಿದ್ದು.

ಇಹೇಯ್

---

ಯುನೊಸಾವಾ
ಏಪ್ರಿಲ್ 5

ಅಪ್ಪಾ,

ಚಿತ್ರ ಮುಗಿಯಿತು. ಇದರ ಜೊತೆಗಿದೆ. ತೆಳು ಕಾಗದವೇ.

ನೋಡಿ ಮಾತಾಡಿ. ಕೂದಲ ಬುಡ ನೋಡಿ, ಕಿವಿಯ ಹಿಂದಿನ ನೆರಳು ನೋಡಿ. ಹೆಮ್ಮೆಯಿಂದ ಹೇಳುತ್ತೇನೆ, ನಿಮ್ಮ ಅಂಗಡಿಗೆ ಚಿತ್ರ ಕೆತ್ತಿಸಲು ಬರುವ ಮೀಸೆಯ ಗುರುಗಳ ಪೈಕಿ ಒಬ್ಬನ ಕೈಯಲ್ಲೂ ಇದು ಆಗುವುದಿಲ್ಲ.

ಆದದ್ದು ಹೀಗೆ. ಚಿತ್ರಕ್ಕೆ ಕೂರುತ್ತೀರಾ ಎಂದು ಒಟಾಕಿ ಅಕ್ಕನನ್ನು ಕೇಳಿದೆ. ಹನ್ನೆರಡು ಜನರಿಗೆ ಊಟ ಬಡಿಸಿಟ್ಟ ಮಣೆಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

"ಕೂರೋದಾ? ನಾನಾ?" ಅಂದಳು. "ನಾನು ಕೂತಿದ್ದು ನೋಡಿದ್ದೀರಾ ಯಾವಾಗಾದ್ರೂ?"

"ಪುಸ್ತಕದಲ್ಲಿ ಬರುತ್ತೆ ಅಕ್ಕ. ಕಾದಂಬರಿ."

"ಏನಾಗುತ್ತೆ ಅದ್ರಲ್ಲಿ?"

"ಏನೂ ಆಗಲ್ಲ. ಒಬ್ಬ ಚಿತ್ರಕಾರ ಬೆಟ್ಟದ ತಂಗುಮನೆಗೆ ಬಂದು ಕಲೆ ಬಗ್ಗೆ ಯೋಚನೆ ಮಾಡ್ತಾನೆ."

"ಏನೂ ಆಗದೆ ಎಷ್ಟು ಪುಟ?"

"ಮುನ್ನೂರು."

"ಅಯ್ಯಪ್ಪಾ! ಅವನಿಗೆ ಊಟ?"

"ತಂಗುಮನೆಯವ್ರು ಕೊಡ್ತಾರೆ."

"ಯಾರು ಮಾಡ್ತಾರೆ ಅಂತ ಕೇಳ್ದೆ."

"ಅದು ಬರೆದಿಲ್ಲ."

"ಹಂಗೇ ಅನ್ಕೊಂಡೆ," ಅಂತ ಮೇಲೆ ಹೋದಳು. ಇಳಿದು ಬರುವಾಗ ಹೇಳಿದಳು: "ಬೆಳಿಗ್ಗೆ ತಲೆ ಬಾಚೋವಾಗ ಕನ್ನಡಿ ಮುಂದೆ ಕೂತಿರ್ತೀನಿ. ಬೆನ್ನ ಹಿಂದೆ ಕೂತ್ಕೊಂಡು ಏನು ಬೇಕೋ ಗೀಚ್ಕೊಳ್ಳಿ. ಮಾತಾಡಿಸ್ಬಾರ್ದು."

ಇದಕ್ಕಿಂತ ಒಳ್ಳೆಯದು ಏನು ಬೇಕು ಹೇಳಿ! ಒಂಬತ್ತು ದಿನ ಬೆಳಿಗ್ಗೆ ಅವಳ ಬೆನ್ನ ಹಿಂದೆ ಕೂತು ಕನ್ನಡಿಯೊಳಗಿನ ಮುಖ ಬರೆದೆ. ಅವಳು ನನ್ನನ್ನು ನೋಡುವುದಿಲ್ಲ, ತನ್ನನ್ನೂ ಸರಿಯಾಗಿ ನೋಡಿಕೊಳ್ಳುವುದಿಲ್ಲ, ಕಣ್ಣು ಎಲ್ಲೋ ದೂರ ಇರುತ್ತದೆ. ಬಾಚಣಿಗೆ ಹಿಡಿದ ಕೈ ನಿಧಾನ ಇಳಿಯುತ್ತದೆ. ಕನ್ನಡಿಯ ಚೌಕಟ್ಟನ್ನು ಬಿಟ್ಟು ಮುಖ, ಭುಜ, ಕೈ ಮಾತ್ರ ತೆಗೆದುಕೊಂಡೆ. ಕಾದಂಬರಿಯವನು ಹೇಳುವ ಅಂಟಿಕೊಳ್ಳದ ನೋಟ ಇದೇ. ಕಂಡದ್ದನ್ನು ಕಂಡ ಹಾಗೆ ಇಟ್ಟಿದ್ದೇನೆ. ಒಂದು ಕೂದಲನ್ನೂ ಸೇರಿಸಿಲ್ಲ, ತೆಗೆದಿಲ್ಲ.

ಕುವಾಬಾರಾಗೆ ಮೊದಲು ತೋರಿಸಿ, ಆಮೇಲೆ ಕೆತ್ತಿ. ಹೆಸರು ಕೆಳಗೆ ಬಲಮೂಲೆಯಲ್ಲಿದೆ. ಅದನ್ನು ಮಾತ್ರ ಹುಷಾರಾಗಿ ಕೆತ್ತಿ.

ಟೊಕುಜಿ

---

ಕಾಂಡಾ
ಏಪ್ರಿಲ್ 14

ಟೊಕುಜಿಗೆ,

ಕುವಾಬಾರಾ ಚಿತ್ರ ನೋಡಿ ಕುಣಿದ. "ಇಂಥದ್ದು ಬರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ ಇಹೇಯ್ ಅವರೇ" ಎಂದು ಮೂರು ಸಲ ಹೇಳಿದ. ಕೂದಲ ಬುಡ ಚೆನ್ನಾಗಿದೆ, ಅದನ್ನು ನಾನೂ ಒಪ್ಪುತ್ತೇನೆ.

ಚಿತ್ರದ ನಕಲೊಂದು ತೆಗೆಸಿ, ಅದನ್ನು ಹಲಗೆಗೆ ಮಕಾಡೆ ಅಂಟಿಸಿದೆ. ಎಣ್ಣೆ ಸವರಿದೆ. ಗೆರೆಗಳು ಕಾಗದದ ಬೆನ್ನಿನಿಂದ ಎದ್ದು ಬಂದವು. ಚಾಕು ಹಿಡಿದೆ. ಕೈ ಹೋಗಲಿಲ್ಲ.

ನಾನು ನಲವತ್ತು ವರ್ಷದಿಂದ ಎಲ್ಲವನ್ನೂ ತಿರುಗುಮುರುಗಾಗಿ ನೋಡಿದವನು. ಹಲಗೆಯ ಮೇಲೆ ಬಲಗೈ ಎಡಗೈ ಆಗಿರುತ್ತದೆ. ಕತ್ತಿ ಹಿಡಿದ ವೀರರೆಲ್ಲ ನನಗೆ ಎಡಚರು. ಮತ್ತೆ ಹೆಂಗಸರು, ಎಂಥ ಚೆಲುವೆಯರಾದರೂ, ನನ್ನ ಹಲಗೆಯ ಮೇಲೆ ಹೆಣಕ್ಕೆ ಉಡಿಸಿದ ಹಾಗೆ ನಿಲುವಂಗಿಯ ಬಲ ಅಂಚನ್ನು ಎಡದ ಮೇಲೆ ತಂದು ಉಟ್ಟಿರುತ್ತಾರೆ. ಅಚ್ಚಾಗಿ ಹೊರಬಂದಾಗ ಎಡ ಅಂಚು ಮೇಲೆ ಬರುತ್ತದೆ, ಎಲ್ಲರೂ ಬದುಕಿಕೊಳ್ಳುತ್ತಾರೆ.

ನಿನ್ನ ಹೆಂಗಸು ನನ್ನ ಹಲಗೆಯ ಮೇಲೆ ಎಡ ಅಂಚನ್ನು ಮೇಲೆ ತಂದು ಚೆನ್ನಾಗಿ ಉಟ್ಟುಕೊಂಡು ಕೂತಿದ್ದಳು. ಹಲಗೆಯ ಮೇಲೆ ಬದುಕಿದ್ದಾಳೆ ಎಂದರೆ ಹಾಳೆಯ ಮೇಲೆ ಸತ್ತಿದ್ದಾಳೆ ಎಂದರ್ಥ. ಮೂಲ ಚಿತ್ರ ತೆಗೆದು ನೋಡಿದೆ. ಹೌದು. ಭುಜದ ನೆರಳಲ್ಲಿ ಅರ್ಧ ಮುಚ್ಚಿದೆ, ಆದರೂ ಹೌದು.

ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದೆ ಎಂದಿದ್ದೆಯಲ್ಲ. ಹಾಗೇ ಆಗಿದೆ. ಮೀನು ಮಾರುವವಳೂ ಪುಸ್ತಕ ತೆರೆದೊಡನೆ ಇದು ಹೆಣ ಎನ್ನುತ್ತಾಳೆ, ಕೆಳಗೆ ನಿನ್ನ ಹೆಸರು ಓದುತ್ತಾಳೆ.

ಚಾಕು ಕೆಳಗಿಟ್ಟಿದ್ದೇನೆ.

ಇಹೇಯ್

---

ಯುನೊಸಾವಾ
ಏಪ್ರಿಲ್ 19

ಅಪ್ಪಾ,

ಅಂಚು ತಾನೆ? ಎರಡು ಗೆರೆ! ಈ ಕಡೆಯದನ್ನು ಆ ಕಡೆ ಮಾಡಿ ಕೆತ್ತಿಬಿಡಿ. ನೀವೇ ಹೇಳುತ್ತಿದ್ದಿರಿ, ಮೀಸೆಯ ಗುರುಗಳ ಚಿತ್ರದಲ್ಲಿ ಆರನೇ ಬೆರಳು ಬಂದಾಗ ಯಾರಿಗೂ ಹೇಳದೆ ಒಂದನ್ನು ಕತ್ತರಿಸಿ ಬಿಸಾಕಿದೆನೆಂದು. ಬೇರೆಯವರ ತಪ್ಪು ಸದ್ದಿಲ್ಲದೆ ತಿದ್ದುತ್ತೀರಿ, ಮಗನ ತಪ್ಪಿಗೆ ಎರಡು ಪುಟದ ಕಾಗದ.

ಇದರಿಂದ ನಿಮಗೆ ಖುಷಿ ಆಗಿದೆ ಎಂದು ನನಗೆ ಗೊತ್ತು.

ಚಿತ್ರ ಚೆನ್ನಾಗಿದೆ. ನನ್ನ ಕಣ್ಣಿಗೆ ಗೊತ್ತು, ಕುವಾಬಾರಾಗೆ ಗೊತ್ತು. ದಯವಿಟ್ಟು ಎರಡು ಗೆರೆ ತಿದ್ದಿ ಕೆಲಸ ಮುಂದುವರಿಸಿ. ಜುಲೈಯಲ್ಲಿ ಪುಸ್ತಕ ಬರಬೇಕು.

ಟೊಕುಜಿ

---

ಕಾಂಡಾ
ಏಪ್ರಿಲ್ 26

ಟೊಕುಜಿಗೆ,

ಖುಷಿ ಆಗಲಿಲ್ಲ. ಎರಡು ದಿನ ಊಟ ಸೇರಲಿಲ್ಲ, ನಿನ್ನಮ್ಮನನ್ನು ಕೇಳು.

ಅಂಚು ತಿದ್ದಬಲ್ಲೆ. ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ಆಮೇಲೆ ಬಾಚಣಿಗೆ ಎಡಗೈಯಲ್ಲಿದೆ, ಅದನ್ನೇನು ಮಾಡಲಿ? ಹುಬ್ಬಿನ ತುದಿಯಲ್ಲಿ ಒಂದು ಮಚ್ಚೆ ಬರೆದಿದ್ದೀಯ. ಅದು ಆಕೆಯ ಯಾವ ಹುಬ್ಬಿನಲ್ಲಿದೆ? ನನಗೆ ಗೊತ್ತಿಲ್ಲ. ನಾನು ಆಕೆಯನ್ನು ಕಂಡವನಲ್ಲ. ನೀನು ಆರು ವಾರದಿಂದ ಆಕೆ ಬಡಿಸಿದ್ದನ್ನು ಉಣ್ಣುತ್ತಿದ್ದೀಯ. ಕನ್ನಡಿಯ ಲೆಕ್ಕ ಹಾಕದೆ, ಈ ಕಾಗದದಿಂದ ಕಣ್ಣೆತ್ತದೆ, ಮಚ್ಚೆ ಎಡಕ್ಕೋ ಬಲಕ್ಕೋ ಹೇಳು ನೋಡೋಣ.

ಆರನೇ ಬೆರಳು ಕತ್ತರಿಸಿದ್ದು ನಿಜ. ಆ ಗುರುಗಳು ಐದು ಬೆರಳನ್ನೇ ಕಂಡಿದ್ದರು, ಕೈ ಜಾರಿ ಆರು ಬರೆದರು. ನಿನ್ನದು ಕೈ ಜಾರಿದ್ದಲ್ಲ.

ಮೇ ಮಧ್ಯದವರೆಗೆ ಕುವಾಬಾರಾನನ್ನು ತಡೆದಿಡುತ್ತೇನೆ. ಏನು ನೆಪ ಹೇಳುತ್ತೇನೋ ನನಗೆ ಬಿಡು.

ಇಹೇಯ್

---

ಯುನೊಸಾವಾ
ಮೇ 11

ಅಪ್ಪಾ,

ಹದಿನೈದು ದಿನ ಬರೆಯಲಿಲ್ಲ. ಮೊದಲ ಮೂರು ದಿನ ಸಿಟ್ಟು. ಉಳಿದದ್ದಕ್ಕೆ ಬೇರೆ ಕಾರಣ.

ಮಚ್ಚೆ ನನಗೆ ಗೊತ್ತಿರಲಿಲ್ಲ. ಬಲ ಎಂದುಕೊಂಡು ಅಡುಗೆಮನೆಗೆ ಹೋಗಿ ನೋಡಿದೆ. ಎಡಕ್ಕಿತ್ತು.

ಹೇಗೂ ಹೋಗಿದ್ದೆನಲ್ಲ, ಹೇಳಿಬಿಡೋಣ ಎನ್ನಿಸಿತು. ಒಟಾಕಿ ಅಕ್ಕ ಸೊಪ್ಪಿನ ಉಪ್ಪಿನಕಾಯಿ ಹೆಚ್ಚುತ್ತಿದ್ದಳು.

"ಅಕ್ಕ, ಒಂದು ತಪ್ಪಾಗಿದೆ."

"ಮತ್ತೆ ಚಾಪೆ ಮೇಲೆ ಮಸಿ ಚೆಲ್ಲಿದ್ರಾ?"

"ಅದಲ್ಲ. ನಿಮ್ಮ ಚಿತ್ರದಲ್ಲಿ ಬಲ ಅಂಚು ಎಡದ ಮೇಲೆ ಬಂದಿದೆ. ಕನ್ನಡಿ ನೋಡಿ ಬರೆದೆ, ನನಗೆ ತಿಳೀಲಿಲ್ಲ. ಅಪ್ಪ ಕಂಡುಹಿಡಿದ್ರು."

ಅವಳು ನಗುತ್ತಾಳೆ ಅಥವಾ ಉಪ್ಪಿನಕಾಯಿ ಕಲ್ಲನ್ನು ನನ್ನ ಕಾಲ ಮೇಲೆ ಬಿಡುತ್ತಾಳೆ ಎಂದುಕೊಂಡಿದ್ದೆ. ಚಾಕು ನಿಂತಿತು, ಅಷ್ಟೇ.

"ನನ್ನ ಗಂಡನಿಗೆ ಹಂಗೆ ಉಡಿಸಿದ್ದು ನಾನೇ," ಅಂದಳು. "ಮಾವನ ಕೈಲಾಗ್ಲಿಲ್ಲ, ನಾನೇ ಉಡಿಸ್ದೆ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅವ್ರಿಗೆ ಅಂಗಿ ಹಿಡಿದು ಕೊಟ್ಟೋಳು. ಕೈ ಅಭ್ಯಾಸ, ಎಡದ್ದನ್ನೇ ಮೇಲೆ ತಂದುಬಿಡ್ತು. ಬಿಚ್ಚಿ ಮತ್ತೆ ಉಡಿಸ್ದೆ. ಮತ್ತೂ ಎಡದ್ದೇ ಬಂತು. ಮೂರನೇ ಸಲ ನೋಡ್ಕೊಂಡು ನೋಡ್ಕೊಂಡು ಬಲ ಅಂಚು ಮೇಲೆ ತಂದೆ. ಅವತ್ತು ನನ್ನ ಕೈಗೆ ಅಷ್ಟು ಕಷ್ಟ ಆಗಿದ್ದನ್ನ, ನೀವು ಪೆನ್ಸಿಲ್ ಹಿಡ್ಕೊಂಡು ಹಿಂಗೇ ಮಾಡಿಬಿಟ್ರಲ್ಲ ತಮ್ಮಾ."

ಅಪ್ಪಾ, ಮುನ್ನೂರು ಪುಟದ ಕಾದಂಬರಿಯಲ್ಲಿ ಇದಕ್ಕೆ ಉತ್ತರ ಇಲ್ಲ, ನಾನು ಹುಡುಕಿದೆ.

ಹೆಚ್ಚಿದ್ದನ್ನು ತಟ್ಟೆಗೆ ಹಾಕಿ ಅವಳೇ ಅಂದಳು: "ಸರಿ, ಈಗೇನು? ಎದುರಿಗೆ ಕೂರ್ಬೇಕಾ?"

"ಹೂಂ."

"ಎದುರಿಗೆ ಕೂತ್ರೆ ನಾನೂ ನಿಮ್ಮನ್ನ ನೋಡ್ತೀನಿ ಮತ್ತೆ. ತಡ್ಕೊಳ್ತೀರಾ?"

"ತಡ್ಕೊಳ್ತೀನಿ," ಅಂದೆ. ನನ್ನ ಬಗ್ಗೆ ನಿಮಗೆ ಗೊತ್ತಲ್ಲ, ಯಾವುದಕ್ಕೂ ಆಗಲ್ಲ ಅಂದವನಲ್ಲ.

ತಡೆದುಕೊಳ್ಳಲು ಆಗಲಿಲ್ಲ. ಐದು ದಿನ ಎದುರು ಬದುರು ಕೂತೆವು, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಒಂದು ಗಳಿಗೆ. ಐದು ದಿನ ಹಾಳೆ ಹರಿದು ಹಾಕಿದೆ. ಕನ್ನಡಿಯೊಳಗೆ ಮುಖ ಒಂದೇ ಇತ್ತು. ಎದುರಿಗೆ ಕೂತರೆ ನಲವತ್ತು. ಮೂಗು ಬರೆಯುವಷ್ಟರಲ್ಲಿ ಬಾಯಿ ಬದಲಾಗಿರುತ್ತಿತ್ತು. ಜೊತೆಗೆ ಪ್ರಶ್ನೆ ಬೇರೆ.

"ಅಪ್ಪನಿಗೆ ಕಾಗದ ಬರೀವಾಗ ಯಾಕೆ ಹಲ್ಲು ಕಡೀತೀರಾ?"

"ಕಡಿಯಲ್ಲ."

"ಕಡೀತೀರಾ. ಪಕ್ಕದ ಕೋಣೆಯ ರೇಷ್ಮೆ ವ್ಯಾಪಾರಿ, ಇಲಿ ಇದೆ ಅಂತ ದೂರು ಕೊಟ್ಟಿದ್ದಾನೆ."

ಆರನೇ ದಿನ ಅವಳು ಬಂದು ಕೂತಳಷ್ಟೇ. ಕೈಯಲ್ಲಿ ಅನ್ನ ಬಡಿಸುವ ಸೌಟು ಹಾಗೇ ಇತ್ತು. ಅಂಗಳದಲ್ಲಿ ಹೇರಿನ ಕುದುರೆಯವನು ಕುದುರೆ ಕಟ್ಟದೆ ಸ್ನಾನಕ್ಕೆ ಇಳಿದುಬಿಟ್ಟಿದ್ದ. ಅದು ಒಣಗಲು ಹಾಕಿದ್ದ ಸೊಪ್ಪಿಗೆ ಬಾಯಿ ಹಾಕಿತು. ಒಟಾಕಿ ಅಕ್ಕ ಒಂದು ಮಂಡಿ ಎತ್ತಿದಳು, ಸೌಟು ಎತ್ತಿದಳು, "ಏಯ್! ಕುದುರೆಗಿಂತ ದೊಡ್ಡ ಕುದುರೆ ನೀನು, ಬಾ ಈಚೆಗೆ!" ಎಂದು ಸ್ನಾನಕ್ಕೆ ಇಳಿದವನನ್ನು ಕೂಗಿದಳು. ಕೂಗುತ್ತಾ ಕೂಗುತ್ತಾ ನನ್ನ ಕಡೆ ತಿರುಗಿ, ನಾನು ಏನೂ ಮಾಡದೆ ಕೂತಿದ್ದಕ್ಕೆ ನನ್ನನ್ನೂ ಸೇರಿಸಿ ಬೈದಳು.

ಆ ಮುಖ ಬರೆದೆ. ಅಂಟಿಕೊಳ್ಳದೆ ನೋಡುವುದು ನೆನಪೇ ಬರಲಿಲ್ಲ. ನನಗೆ ಹೆದರಿಕೆ ಆಗಿತ್ತು, ನಗು ಬಂದಿತ್ತು, ಎದ್ದು ಓಡಿ ಕುದುರೆ ಹಿಡಿಯಬೇಕು ಎನ್ನಿಸಿತ್ತು. ಇಷ್ಟೆಲ್ಲ ಇಟ್ಟುಕೊಂಡೇ ಬರೆದೆ. ಸೊಪ್ಪು ಅರ್ಧ ಹೋಯಿತು. ಅದಕ್ಕೂ ಬೈಸಿಕೊಂಡೆ.

ಬಾಯಿ ತೆರೆದಿದೆ, ಹಲ್ಲು ಕಾಣುತ್ತದೆ, ತಲೆ ಕೆದರಿದೆ. ಚೆಲುವೆಯ ಚಿತ್ರದಲ್ಲಿ ಹಲ್ಲು ಯಾರೂ ಬರೆಯುವುದಿಲ್ಲ ಎಂದು ನನಗೂ ಗೊತ್ತು. ಆದರೆ ಅಪ್ಪಾ, ಇದು ಚೆನ್ನಾಗಿದೆ. ಮೊದಲನೆಯದನ್ನು ಕಳಿಸುವಾಗ ಚೆನ್ನಾಗಿದೆ ಎಂದು ನಿಮಗೆ ಸವಾಲು ಹಾಕಿದ್ದೆ. ಈಗ ಸವಾಲಿಲ್ಲ, ನನಗೆ ಗೊತ್ತು.

ಕುವಾಬಾರಾಗೆ ತೋರಿಸಿ.

ಟೊಕುಜಿ

---

ಕಾಂಡಾ
ಮೇ 20

ಟೊಕುಜಿಗೆ,

ಎರಡೂ ಚಿತ್ರ ತೆಗೆದುಕೊಂಡು ಪ್ರಕಾಶಕರ ಅಂಗಡಿಗೆ ಹೋದೆ. ಕಾದಂಬರಿ ಬರೆದ ಮೇಷ್ಟ್ರೂ ಅಲ್ಲಿದ್ದರು. ಸಣಕಲು ಮನುಷ್ಯ, ಹೊಟ್ಟೆನೋವಿರಬೇಕು, ಕೈ ಅಲ್ಲೇ ಇತ್ತು.

ಕುವಾಬಾರಾ ಹೊಸ ಚಿತ್ರ ನೋಡಿ ಮುಖ ಕಿವುಚಿದ. "ಏನಿದು ಇಹೇಯ್ ಅವರೇ? ಪುಸ್ತಕ ತೆಗೆದ್ರೆ ಈ ಹೆಂಗಸು ಓದೋನನ್ನೇ ಬೈತಾಳೆ! ಕೊಂಡ್ಕೊಂಡೋನು ಹೆದರಿ ಮುಚ್ಚಿಡ್ತಾನೆ" ಅಂದ.

ನಾನು ಮೊದಲನೆಯದರ ತಪ್ಪು ಹೇಳಿದೆ. ಅವನು, "ಅಷ್ಟೇನಾ? ಅಂಚು ತಿದ್ದಿ ಕೆತ್ತಿ. ಎಡಗೈ ಆದ್ರೇನು, ಮಚ್ಚೆ ಆದ್ರೇನು, ಅವಳನ್ನ ಯಾರು ಹುಡುಕ್ಕೊಂಡು ಬೆಟ್ಟ ಹತ್ತುತಾರೆ?" ಅಂದ.

ಮೇಷ್ಟ್ರು ಹೊಸ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ನಕ್ಕರು. "ಇದು ಒಳ್ಳೆ ಚಿತ್ರ. ನನ್ನ ಪುಸ್ತಕಕ್ಕೆ ಆಗಲ್ಲ. ಈಕೆ ನನ್ನ ಕಾದಂಬರಿಯೊಳಗೆ ಬಂದ್ರೆ, ನನ್ನ ಚಿತ್ರಕಾರ ಎರಡನೇ ಪುಟಕ್ಕೇ ಪಾತ್ರೆ ತೊಳೀತಾ ಇರ್ತಾನೆ" ಅಂದರು. ವ್ಯಂಗ್ಯ ಅಲ್ಲ, ನಿಜವಾಗಿ ಹೇಳಿದರು ಅನ್ನಿಸಿತು. ಚಿತ್ರ ವಾಪಸು ಕೊಡುವಾಗ ಎರಡು ಕೈಯಲ್ಲಿ ಹಿಡಿದು ಕೊಟ್ಟರು.

ಹಾಗಾಗಿ ಮಾತು ಇಲ್ಲಿಗೆ ನಿಂತಿದೆ. ಕನ್ನಡಿಯ ಚಿತ್ರ, ಅಂಚು ತಿದ್ದಿ, ನಿನ್ನ ಹೆಸರು ಹಾಕಿ, ಮೂರು ಸಾವಿರ ಪ್ರತಿ. ಅದು ಬೇಡ ಎಂದರೆ ಬೇರೆ ಚಿತ್ರಕಾರನನ್ನು ನೋಡುತ್ತಾರೆ. ಹೊಸ ಚಿತ್ರ ಯಾವ ಕಾರಣಕ್ಕೂ ಇಲ್ಲ.

ನಾನು ಕೆತ್ತುವುದಿಲ್ಲ ಎಂದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ನಿನಗೆ ಇಪ್ಪತ್ತೆರಡು ವರ್ಷ. ಇಂಥ ಅವಕಾಶ ನನ್ನ ಹಟಕ್ಕೆ ತಪ್ಪಬಾರದು. ನೀನು ಹೂಂ ಅಂದರೆ ನಾಳೆಯೇ ಅಂಚು ತಿದ್ದುತ್ತೇನೆ, ಚೆನ್ನಾಗಿ ಕೆತ್ತುತ್ತೇನೆ, ಆಮೇಲೆ ಆ ವಿಷಯ ಎತ್ತುವುದೂ ಇಲ್ಲ.

ಕೂಡಲೇ ತಿಳಿಸು. ಇಪ್ಪತ್ತೆಂಟರವರೆಗೆ ಕಾಯುತ್ತಾರೆ.

ಇಹೇಯ್

---

ಯುನೊಸಾವಾ
ಮೇ 24

ಅಪ್ಪಾ,

ಬೇಡ.

ಕಾಗದ ಓದಿ ಹೊಳೆಯ ಉದ್ದಕ್ಕೂ ಮೇಲಿನ ಸೇತುವೆಯವರೆಗೆ ನಡೆದೆ. ಹೋಗುವಾಗ ಹೂಂ ಅನ್ನುತ್ತಿದ್ದೆ. ಮೂರು ಸಾವಿರ ಮನೆ, ಮೂರು ಸಾವಿರ ಸಲ ನನ್ನ ಹೆಸರು. ಮಚ್ಚೆ ಯಾವ ಹುಬ್ಬಿನಲ್ಲಿದೆ ಎಂದು ಯಾರಿಗೆ ಗೊತ್ತು? ಕುವಾಬಾರಾ ಹೇಳಿದ್ದು ನಿಜ, ಯಾರೂ ಬೆಟ್ಟ ಹತ್ತುವುದಿಲ್ಲ. ನನಗೊಬ್ಬನಿಗೆ ಗೊತ್ತು. ನಿಮಗೆ ಗೊತ್ತು. ಅವಳಿಗೆ ಗೊತ್ತು. ವಾಪಸು ಬರುವಾಗ ಲೆಕ್ಕ ಹಾಕಿದೆ, ಈ ಮೂವರನ್ನು ಬಿಟ್ಟು ಉಳಿದ ಮೂರು ಸಾವಿರ ಜನರಲ್ಲಿ ಒಬ್ಬನ ಮುಖವೂ ನನಗೆ ಗೊತ್ತಿಲ್ಲ.

ನೀವು ಮಾತು ವಾಪಸು ತೆಗೆದುಕೊಂಡದ್ದೇ ನನಗೆ ಸಾಕಾಯಿತು. ಅದನ್ನು ಮತ್ತೆ ಇಟ್ಟುಕೊಳ್ಳಿ.

ಕುವಾಬಾರಾಗೆ ನಾನೇ ಬೇರೆ ಕಾಗದ ಬರೆದಿದ್ದೇನೆ, ಮರ್ಯಾದೆಯಿಂದಲೇ. ಕನ್ನಡಿಯ ಚಿತ್ರ ಒಲೆಗೆ ಹಾಕಿ. ಅಥವಾ ಅಮ್ಮ ಜಾಡಿ ಮುಚ್ಚಲು ಕೇಳಿದರೆ ಕೊಡಿ, ಕಾಗದ ಒಳ್ಳೆಯದು.

ಒಟಾಕಿ ಅಕ್ಕನಿಗೆ ಹೇಳಿದೆ. "ಅಂದ್ರೆ ನಾನು ಮೂರು ಸಾವಿರ ಮನೆಗೆ ಹೋಗೋದು ತಪ್ತು. ಸದ್ಯ, ಇಲ್ಲೇ ಕೆಲಸ ಬಿದ್ದಿದೆ" ಅಂದಳು. ಆದರೆ ಸಂಜೆ ನನ್ನ ಊಟದ ಮಣೆಯಲ್ಲಿ ಮೀನು ಎರಡಿದ್ದವು. ಕೇಳಿದರೆ, ಎಣಿಕೆ ತಪ್ಪಿತು ಅಂದಳು. ಅವಳು ಎಣಿಕೆ ತಪ್ಪುವವಳಲ್ಲ.

ನಾನು ಸದ್ಯಕ್ಕೆ ಬರುವುದಿಲ್ಲ. ಬೇಸರಕ್ಕಲ್ಲ. ರೇಷ್ಮೆ ವ್ಯಾಪಾರಿ ಎದುರು ಕೂರಲು ಒಪ್ಪಿದ್ದಾನೆ, ಕುದುರೆಯವನೂ ಒಪ್ಪಿದ್ದಾನೆ. ಮಾವನದ್ದು ಅರ್ಧ ಆಗಿದೆ.

ಟೊಕುಜಿ

---

ಕಾಂಡಾ
ಜೂನ್ 23

ಟೊಕುಜಿಗೆ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಕೈಗೆ ಕೆಲಸವಿತ್ತು.

ಆ ಪುಸ್ತಕಕ್ಕೆ ಬೇರೆಯವರ ಚಿತ್ರ ನಿಗದಿಯಾಯಿತು. ಬಿದಿರು, ಮಂಜು, ಬೆನ್ನು ತಿರುಗಿಸಿ ನಿಂತ ಹೆಂಗಸು. ಚೆನ್ನಾಗಿಯೇ ಇದೆ. ಕೆತ್ತುವವನು ನಾನಲ್ಲ.

ಹಲಗೆಗೆ ಅಂಟಿಸಿದ್ದ ಹಳೆಯ ನಕಲನ್ನು ತೊಳೆದು ತೆಗೆದು, ನಾನು ನಿನ್ನ ಸೌಟಿನ ಹೆಂಗಸನ್ನು ಕೆತ್ತಿದೆ. ಯಾರೂ ಕೇಳಿರಲಿಲ್ಲ. ಹನ್ನೊಂದು ವರ್ಷದ ಹಲಗೆ, ಸುಮ್ಮನಿದ್ದರೆ ಬಿರುಕು ಬಿಡುತ್ತದೆ ಎಂದು ನಿನ್ನಮ್ಮನಿಗೆ ಹೇಳಿದೆ. ಅವಳು, "ಹೌದು ಹೌದು, ಹನ್ನೊಂದು ವರ್ಷ ಬಿಡದೇ ಇದ್ದಿದ್ದು ಈ ತಿಂಗಳೇ ಬಿಡುತ್ತೆ" ಅಂದಳು.

ಇಪ್ಪತ್ತಾರು ದಿನ ಹಿಡಿಯಿತು. ತೆರೆದ ಬಾಯಿ ಕೆತ್ತುವುದು ಕಷ್ಟ. ಕೆದರಿದ ಕೂದಲು ಇನ್ನೂ ಕಷ್ಟ. ನೀಟಾಗಿ ಬಾಚಿದ ಕೂದಲಲ್ಲಿ ಒಂದು ಗೆರೆ ಗೊತ್ತಾದರೆ ಪಕ್ಕದ್ದು ತಾನೇ ಬರುತ್ತದೆ. ಇದರಲ್ಲಿ ಒಂದೊಂದೂ ಒಂದೊಂದು ಕಡೆ ಹೊರಟಿದೆ. ಕಣ್ಣು ಮೊದಲಿನ ಹಾಗಿಲ್ಲ, ಮಧ್ಯಾಹ್ನದ ಬೆಳಕಲ್ಲಿ ಮಾತ್ರ ಕೂತೆ. ಮಂಡಿಯ ಹತ್ತಿರ ನಿನ್ನ ಗೆರೆ ಒಂದು ಕಡೆ ನಡುಗಿದೆ. ತಿದ್ದಬಹುದಿತ್ತು, ತಿದ್ದಲಿಲ್ಲ. ಅದು ನೀನು ಎದ್ದು ಓಡಬೇಕು ಅಂದುಕೊಂಡ ಗಳಿಗೆ ಇರಬೇಕು.

ಈಗ ಒಂದು ತೊಂದರೆ. ಕೆಳಗೆ ಬಲಮೂಲೆ ಖಾಲಿ ಇದೆ. ನೀನು ಹೆಸರು ಬರೆಯದೆ ಕಳಿಸಿದ್ದೀಯ. ಅವಸರದಲ್ಲಿ ಮರೆತೆಯೋ, ಬೇಕೆಂದೇ ಬಿಟ್ಟೆಯೋ ಗೊತ್ತಿಲ್ಲ. ಇಲ್ಲದ ಗೆರೆಯನ್ನು ನಾನು ಕೆತ್ತಲಾರೆ. ಆ ಜಾಗದ ಮರ ತೆಗೆಯದೆ ಹಾಗೇ ಉಳಿಸಿದ್ದೇನೆ. ಕಿರುಬೆರಳಿನಷ್ಟು ಉದ್ದ. ತೆಳು ಕಾಗದದ ಮೇಲೆ ಹೆಸರು ಬರೆದು ಕಳಿಸು.

ಇಪ್ಪತ್ತು ಹಾಳೆ ಅಚ್ಚು ತೆಗೆಸುತ್ತೇನೆ. ಒಂದು ಆ ಹೆಣ್ಣುಮಗಳಿಗೆ. ಒಂದು ಆ ಮೇಷ್ಟ್ರಿಗೆ, ಕೇಳಿ ಕಳಿಸಿದ್ದಾರೆ.

ಇಹೇಯ್

---

ಯುನೊಸಾವಾ
ಜೂನ್ 28

ಅಪ್ಪಾ,

ಮರೆತದ್ದಲ್ಲ. ಚಿತ್ರ ಮುಗಿದಾಗ ಕುದುರೆ, ಸೊಪ್ಪು, ಸೌಟು ಎಲ್ಲ ಸೇರಿ ಅದು ನನ್ನದು ಅನ್ನಿಸಲೇ ಇಲ್ಲ. ಆಮೇಲೆ ಬರೆಯಲು ನಾಚಿಕೆ ಆಯಿತು. ನನಗೂ ನಾಚಿಕೆ ಆಗುತ್ತದೆ, ಅಮ್ಮನಿಗೆ ಹೇಳಬೇಡಿ.

ನಿಮ್ಮ ಕಾಗದ ಬಂದ ಮೇಲೆ ಬೆಳಗಿನಿಂದ ಹೆಸರೇ ಬರೆಯುತ್ತಿದ್ದೇನೆ. ಮೊದಲು ಬರೆದದ್ದು ಹೆಬ್ಬೆರಳಿನಷ್ಟಾಯಿತು. ಒಟಾಕಿ ಅಕ್ಕ ಚಹಾ ಇಡಲು ಬಂದವಳು ಬಗ್ಗಿ ನೋಡಿ, "ಇಷ್ಟು ದಪ್ಪ ಬರೆದ್ರೆ ನನ್ನ ಮುಖ ಯಾರು ನೋಡ್ತಾರೆ? ಸೌಟಿಗಿಂತ ದೊಡ್ಡದಾಯ್ತು" ಅಂದಳು. ಚಿಕ್ಕದು ಮಾಡಿದೆ. ಇನ್ನೂ ಚಿಕ್ಕದು ಮಾಡಿದೆ. ಈಗ ಅಕ್ಕಿ ಕಾಳಿನ ಸಾಲಿನಷ್ಟಿದೆ. ಓದಲು ಬರುತ್ತದೆ, ಅಷ್ಟು ಸಾಕು.

ಇದರ ಜೊತೆ ತೆಳು ಕಾಗದ ಎರಡಿವೆ. ಒಂದರಲ್ಲಿ ನನ್ನ ಹೆಸರು. ಇನ್ನೊಂದರಲ್ಲಿ 'ಕೆತ್ತನೆ: ನೆಗಿಶಿ ಇಹೇಯ್' ಎಂದಿದೆ. ಎರಡೂ ಒಂದೇ ಅಳತೆ, ಕಡ್ಡಿ ಇಟ್ಟು ನೋಡಿದ್ದೇನೆ. ನೀವು ಉಳಿಸಿದ ಮರದಲ್ಲಿ ಅಕ್ಕಪಕ್ಕ ಹಿಡಿಸುತ್ತವೆ. ಹಿಡಿಸದಿದ್ದರೆ ಎರಡನ್ನೂ ಇನ್ನಷ್ಟು ಚಿಕ್ಕದಾಗಿ ಬರೆದು ಕಳಿಸುತ್ತೇನೆ. ಒಂದನ್ನೇ ಕೆತ್ತುವುದಾದರೆ ಆ ಮೂಲೆಯ ಮರವನ್ನು ಪೂರ್ತಿ ತೆಗೆದುಬಿಡಿ, ಹಾಳೆ ಬೆಳ್ಳಗೇ ಇರಲಿ.

ನಿಮ್ಮ ಹೆಸರನ್ನು ನೀವೇ ತಿರುಗುಮುರುಗಾಗಿ ಕೆತ್ತುವುದು ಇದೇ ಮೊದಲು. ಕೈ ತಡವರಿಸಿದರೆ ಅದನ್ನೂ ತಿದ್ದಬೇಡಿ.

ಟೊಕುಜಿ